ಮಳೆಗಾಲದಲ್ಲಿ ಗುಡ್ಡ ಹತ್ತುವವರಿಗೆ

ಮಳೆಯಲ್ಲಿ ಗುಂಪಾಗಿ ಕಾಡು ಸುತ್ತುವುದು ಬಹಳ ಮಜಾ. ಆದರೆ ನಮ್ಮ ಮಲೆನಾಡಿನ ಮಳೆ ಸಾಮಾನ್ಯದ್ದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುತ್ತದೆ. ಅಷ್ಟೂ ನೀರು ಹರಿಯದೆ ನಿಂತರೆ 7 ಮೀಟರ್ ಆಳ ಆಗುತ್ತೆ! ಆದ್ದರಿಂದ ಕೆಲವು ವಿಷಯ ತಿಳಿದಿರಬೇಕು.

1. ಸಾಲು: ನಿಧಾನ ನಡೆಯುವವರು ಮುಂದೆ ಇರಬೇಕು. ಜೋರಾಗಿ ನಡೆಯುವವರು ಮುಂದೆ ಹೋದರೆ ಗುಂಪು ಎರಡಾಗುತ್ತೆ. ಮಂಜು ಕವಿದರೆ ಹತ್ತು ಮಾರು ಆಚೆ ಇದ್ದವರೂ ಕಾಣಲ್ಲ. ಆಗಾಗ ನಿಂತು ತಲೆ ಎಣಿಸಬೇಕು.

2. ಉಂಬಳ: ಇದು ಕಚ್ಚಿದ್ದೇ ಗೊತ್ತಾಗಲ್ಲ. ಇದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇದೆ. ಅದಕ್ಕೇ ಉಂಬಳ ಬಿದ್ದುಹೋದ ಮೇಲೂ ರಕ್ತ ಸೋರುತ್ತೆ. ಹೆದರಬಾರದು. ತೊಳೆದು, ಬಟ್ಟೆ ಒತ್ತಿ ಹಿಡಿಯಬೇಕು.

3. ಹಳ್ಳ: ಇದೇ ಎಲ್ಲಕ್ಕಿಂತ ಮುಖ್ಯ. ನಾವು ನಿಂತಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಗುಡ್ಡದಲ್ಲಿ ಹೊಡೆದರೆ ಹಳ್ಳ ಏರುತ್ತದೆ. ತಿಳಿನೀರು ಕೆಂಪಾಗಿ, ಕಸಕಡ್ಡಿ ತೇಲಿ ಬಂದರೆ ಅದೇ ಗುರುತು.

ಹೋದ ವರ್ಷ ನಾವು 22 ಮಕ್ಕಳು ಸರ್ ಜೊತೆ ಹೋದಾಗ ನೀರು ಮೊಣಕಾಲಿಗಿಂತ ಕಡಿಮೆಯೇ ಇತ್ತು, ಆದರೆ ಕೆಂಪಾಗಿತ್ತು. "ದಾಟೋಣ ಸರ್" ಅಂತ ಎಲ್ಲರೂ ಕೂಗಿದೆವು. ಸರ್ ಒಂದು ಕಲ್ಲು ತೋರಿಸಿ, "ಇದನ್ನೇ ನೋಡ್ತಾ ಇರಿ" ಅಂದರು. ಮಗ್ಗಿ ಹೇಳಿ ಮುಗಿಸುವಷ್ಟರಲ್ಲಿ ಕಲ್ಲು ಮುಳುಗಿತ್ತು! ದಾಟಿದ್ದರೆ ಸಂಜೆ ಆಚೆ ದಡದಲ್ಲೇ ಉಳಿಯುತ್ತಿದ್ದೆವು. ಎಲ್ಲರೂ ಅಲ್ಲಿಂದಲೇ ವಾಪಸ್ ಬಂದೆವು.

ನೀವೂ ಹಳ್ಳದ ಹತ್ತಿರ ಹೋದಾಗ ಮೊದಲು ಒಂದು ಕಲ್ಲು ಗುರುತು ಮಾಡಿಕೊಳ್ಳಿ. ಅದು ಮುಳುಗುತ್ತಿದ್ದರೆ ದಾಟಲೇಬೇಡಿ.