ದರ್ಪಣಸುಂದರಿಗೆ ಕನ್ನಡಿಯಿಲ್ಲದ ಕ್ಯಾಮೆರಾ

ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನ ಕೆಳಗೆ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯ ಫೋಟೊ ತೆಗೆಯದೆ ಹಿಂದಿರುಗುವ ಪ್ರವಾಸಿಗರು ಕಡಿಮೆ. ಮನೆಗೆ ಬಂದು ನೋಡಿದರೆ ಬಹಳಷ್ಟು ಫೋಟೊಗಳಲ್ಲಿ ಆಕೆಯ ಪಾದ ದೊಡ್ಡದು, ಮುಖ ಚಿಕ್ಕದು. ತಪ್ಪು ಶಿಲ್ಪಿಯದಲ್ಲ. ತೀರ ಬುಡದಲ್ಲಿ ನಿಂತು, ಕತ್ತನ್ನೂ ಕ್ಯಾಮೆರಾವನ್ನೂ ಒಟ್ಟಿಗೇ ಮೇಲಕ್ಕೆತ್ತಿ, ಅಗಲ ನೋಟದ ಲೆನ್ಸಿನಲ್ಲಿ ತೆಗೆದದ್ದರ ಫಲ ಅದು. ಒಂದಷ್ಟು ಹೆಜ್ಜೆ ಹಿಂದೆ ಸರಿದು ಝೂಮ್ ಮಾಡಿದರೆ ಮೈಯ ಪ್ರಮಾಣ ತಕ್ಕಮಟ್ಟಿಗೆ ಸರಿಹೋಗುತ್ತದೆ, ಕೊರಳಿನ ಹಾರದ ಎಳೆಗಳೂ ಕಾಣುತ್ತವೆ. ಮರುಕ್ಷಣ ಇಡೀ ಗುಡಿಯೇ ಚಿತ್ರದಲ್ಲಿ ಬೇಕೆನಿಸಿದರೆ ಲೆನ್ಸಿನ ಉಂಗುರವನ್ನು ಹಿಂದಕ್ಕೆ ತಿರುಗಿಸಿದರಾಯಿತು.

ಒಂದೇ ಲೆನ್ಸಿನಲ್ಲಿ ಇವೆರಡೂ ಆಗಬೇಕು ಎನ್ನುವವರಿಗಾಗಿಯೇ ‘ಎಲ್ಲಕ್ಕೂ ಒಂದು’ ಎಂಬ ಬಗೆಯ ಝೂಮ್ ಲೆನ್ಸುಗಳಿವೆ. ಇಂಥದೊಂದು ಜೋಡಿಯನ್ನು ಅಳೆದು ನೋಡಲು ಸೋನಿಯ ಎ6400 ಮಿರರ್‌ಲೆಸ್ ಕ್ಯಾಮೆರಾ ಮತ್ತು 18–135 ಮಿ.ಮೀ. ಲೆನ್ಸ್ ಒಳ್ಳೆಯ ಉದಾಹರಣೆ. ಲೆನ್ಸ್ ಬಂದದ್ದು 2018ರಲ್ಲಿ, ಕ್ಯಾಮೆರಾ 2019ರಲ್ಲಿ. ಇದಕ್ಕಿಂತ ಹೊಸ ಮಾದರಿಗಳು ಬಂದಿವೆ, ನಿಜ. ಆದರೆ ಹಳತಾದಷ್ಟೂ ಒಂದು ಕ್ಯಾಮೆರಾದ ಗುಣ, ಅವಗುಣ ಎರಡೂ ಚೆನ್ನಾಗಿ ಬಯಲಾಗಿರುತ್ತವೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗಂತೂ ಅದೇ ಲಾಭ.

ಮಿರರ್‌ಲೆಸ್ ಎಂದರೆ ಕನ್ನಡಿ ಇಲ್ಲದ್ದು. ಡಿಎಸ್‌ಎಲ್‌ಆರ್ ಕ್ಯಾಮೆರಾದ ಹೊಟ್ಟೆಯಲ್ಲಿ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಿನ ಗಾಜಿನ ಪಟ್ಟಕಕ್ಕೆ, ಅಲ್ಲಿಂದ ಕಣ್ಣಿಗೆ ದಾಟಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ‘ಟಪ್’ ಎಂದು ಮೇಲೆದ್ದು ಸೆನ್ಸರ್‌ಗೆ ದಾರಿ ಬಿಡುತ್ತದೆ. ಮಿರರ್‌ಲೆಸ್‌ನಲ್ಲಿ ಈ ಕಸರತ್ತಿಲ್ಲ. ಬೆಳಕು ನೇರ ಸೆನ್ಸರ್ ಮೇಲೆ ಬೀಳುತ್ತದೆ, ವ್ಯೂಫೈಂಡರ್‌ನೊಳಗಿನ ಪುಟ್ಟ ಪರದೆಯಲ್ಲಿ ಚಿತ್ರ ಮೂಡುತ್ತದೆ. ಫೋಟೊ ಕಪ್ಪಾಗುತ್ತದೋ ಬಿಳುಚುತ್ತದೋ ಎಂಬುದು ತೆಗೆಯುವ ಮೊದಲೇ ಗೊತ್ತಾಗುತ್ತದೆ. 2008ರಲ್ಲಿ ಪ್ಯಾನಸಾನಿಕ್ ಜಿ1ನಿಂದ ಶುರುವಾದ ಈ ಬಗೆ ಈಗ ಡಿಎಸ್‌ಎಲ್‌ಆರ್‌ಗಳನ್ನು ಅಂಗಡಿಯ ಮೂಲೆಗೆ ಸರಿಸಿದೆ.

ಕನ್ನಡಿ ಹೋದದ್ದರಿಂದ ಜಾಗ ಉಳಿಯಿತು, ತೂಕವೂ ಇಳಿಯಿತು. ಎ6400 ಬ್ಯಾಟರಿ ಸಮೇತ 403 ಗ್ರಾಂ, ಲೆನ್ಸ್ 325 ಗ್ರಾಂ. ಒಟ್ಟು ಮುಕ್ಕಾಲು ಕಿಲೋಗೂ ಕಡಿಮೆ. ಇಷ್ಟೇ ಗಾತ್ರದ ಸೆನ್ಸರ್ ಇರುವ ನಿಕಾನ್ ಡಿ7500 ಎಂಬ ಡಿಎಸ್‌ಎಲ್‌ಆರ್‌ಗೆ ಅದರ 18–140 ಲೆನ್ಸ್ ಸೇರಿಸಿದರೆ ಸುಮಾರು 1,200 ಗ್ರಾಂ. ಶ್ರವಣಬೆಳಗೊಳದ ಮೆಟ್ಟಿಲು ಹತ್ತುವಾಗ ಈ ಅರ್ಧ ಕಿಲೋ ಏನೆಂಬುದು ಮೊಣಕಾಲಿಗೆ ತಿಳಿಯುತ್ತದೆ.

ಇನ್ನು ಲೆನ್ಸಿನ ಅಂಕಿಗಳು. ಸೆನ್ಸರ್ ಸುಮಾರು 23.5 × 15.6 ಮಿ.ಮೀ. ಅಳತೆಯದು, ಹಳೆಯ ಫಿಲಂ ಚೌಕಟ್ಟಿಗಿಂತ ಚಿಕ್ಕದು. ಹಾಗಾಗಿ 18–135 ಅನ್ನು ಒಂದೂವರೆಯಿಂದ ಗುಣಿಸಿ, ಫಿಲಂ ಲೆಕ್ಕದಲ್ಲಿ 27ರಿಂದ 202 ಮಿ.ಮೀ. ಎನ್ನುತ್ತಾರೆ. ಅಗಲದ ತುದಿಯಲ್ಲಿ 76 ಡಿಗ್ರಿ, ಉದ್ದದ ತುದಿಯಲ್ಲಿ 12 ಡಿಗ್ರಿ ನೋಟ. ಮದುವೆಮನೆಯ ಗುಂಪು ಫೋಟೊದಿಂದ ವೇದಿಕೆಯ ಮೇಲಿನ ವಧುವಿನ ಮುಖದವರೆಗೆ ಎಲ್ಲಕ್ಕೂ ಇದು ಸಾಕು. ರಂಗನತಿಟ್ಟಿನ ಹಕ್ಕಿಗೆ ಸಾಲದು. ದೋಣಿಯಿಂದ ತೆಗೆದರೂ ಕೊಕ್ಕರೆ ಚಿತ್ರದೊಳಗೆ ಸಣ್ಣದಾಗಿಯೇ ಉಳಿಯುತ್ತದೆ. ಅಲ್ಲಿ ಬೇಕಾದದ್ದು 400, 600 ಮಿ.ಮೀ.ನ ಲೆನ್ಸು, ಅದರ ತೂಕವೂ ಬೆಲೆಯೂ ಬೇರೆಯೇ ಕತೆ.

ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್. ಇದರಲ್ಲಿ 24.2 ಇದೆ, ದೊಡ್ಡ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲೂ ಸಾಕು. ಆ ಮಾತನ್ನು ಅಲ್ಲಿಗೇ ಬಿಡಬಹುದು. ನಿಜವಾಗಿ ಕೇಳಬೇಕಾದ ಪ್ರಶ್ನೆ ಲೆನ್ಸಿನ ಮೈಮೇಲೇ ಬರೆದಿದೆ: 3.5–5.6. ಇದು ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯ ಲೆಕ್ಕ. ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು. ಝೂಮ್ ಮಾಡುತ್ತ ಹೋದಂತೆ ಈ ಅಂಕಿ 3.5ರಿಂದ 5.6ಕ್ಕೆ ಏರಿ, ಸೆನ್ಸರ್ ಮೇಲೆ ಬೀಳುವ ಬೆಳಕು ಸುಮಾರು ಎರಡೂವರೆ ಪಟ್ಟು ಕಡಿಮೆಯಾಗುತ್ತದೆ. ಏಳೂವರೆ ಪಟ್ಟು ಝೂಮನ್ನು ಅಂಗೈಯಗಲದ ಲೆನ್ಸಿನಲ್ಲಿ ಅಡಗಿಸಿದ್ದಕ್ಕೆ ತೆರುವ ಬೆಲೆ ಇದು. ಬಿಸಿಲಿನಲ್ಲಿ ಈ ಬೆಲೆ ಗೊತ್ತೇ ಆಗುವುದಿಲ್ಲ.

ಬೇಲೂರಿನ ಗುಡಿಯ ಒಳಕ್ಕೆ ಕಾಲಿಟ್ಟರೆ ಗೊತ್ತಾಗುತ್ತದೆ. ನವರಂಗದ ಮಬ್ಬಿನಲ್ಲಿ ತಿರುಗಣೆಯಲ್ಲಿ ಕಡೆದಂಥ ಕಂಬಗಳಿವೆ. ದರ್ಪಣಸುಂದರಿಯೂ ಸೇರಿ ಒಟ್ಟು 42 ಮದನಿಕೆಯರಲ್ಲಿ ನಾಲ್ವರು ಇರುವುದೂ ಒಳಗೇ. ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಇಲ್ಲಿ ನೆರವಿಗೆ ಬರುವುದು ಲೆನ್ಸಿನೊಳಗಿನ ಕಂಪನ ತಡೆ. ಕೈ ನಡುಗಿದರೆ ಒಳಗಿನ ಒಂದು ಗಾಜಿನ ಗುಂಪು ಎದುರು ದಿಕ್ಕಿಗೆ ಸರಿದು ಚಿತ್ರವನ್ನು ನಿಲ್ಲಿಸುತ್ತದೆ. ಕ್ಯಾಮೆರಾದ ಒಡಲಿನಲ್ಲಿ ಈ ವ್ಯವಸ್ಥೆ ಇಲ್ಲ, ಹಾಗಾಗಿ ಲೆನ್ಸಿನಲ್ಲಿ ಇರುವುದು ದೊಡ್ಡ ಸಮಾಧಾನ. ಅಗಲದ ತುದಿಯಲ್ಲಿ, ಉಸಿರು ಬಿಗಿಹಿಡಿದು ತೆಗೆದರೆ ಸೆಕೆಂಡಿನ 15ನೇ ಒಂದು ಭಾಗದಲ್ಲೂ ಕಂಬ ಸ್ಫುಟವಾಗಿ ಬರುತ್ತದೆ. ಕಲ್ಲು ಅಲುಗುವುದಿಲ್ಲವಲ್ಲ.

ಯಕ್ಷಗಾನದ ವೇಷ ಅಲುಗುತ್ತದೆ. ರಂಗಸ್ಥಳದ ಮೇಲೆ ಪುಂಡುವೇಷ ದಿಗಿಣ ಹಾರುವಾಗ ಅದನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಲು ಸೆಕೆಂಡಿನ 500ನೇ ಒಂದು ಭಾಗದಷ್ಟು ವೇಗದ ಶಟರ್ ಬೇಕು. ಕಂಪನ ತಡೆಯಿಂದ ಇಲ್ಲಿ ಉಪಯೋಗವಿಲ್ಲ: ಅದು ತೆಗೆಯುವವರ ಕೈಯ ನಡುಕವನ್ನು ತಡೆದೀತೇ ಹೊರತು ಕುಣಿಯುವವರ ಕಾಲನ್ನಲ್ಲ. ಉಳಿದ ದಾರಿ ಐಎಸ್‌ಒ ಏರಿಸುವುದು, ಅಂದರೆ ಸಿಕ್ಕಿದ ಅಲ್ಪ ಬೆಳಕಿನ ಸಂಕೇತವನ್ನೇ ಹಿಗ್ಗಿಸುವುದು. ಉದ್ದದ ತುದಿಯಲ್ಲಿ ಐಎಸ್‌ಒ 6400 ಬೇಕಾಯಿತು ಎನ್ನೋಣ (ಕ್ಯಾಮೆರಾದ ಹೆಸರಿನಲ್ಲೂ ಅದೇ ಅಂಕಿ ಇರುವುದು ಆಕಸ್ಮಿಕ). ವೇಷದ ಮಿಂಚು ಉಳಿಯುತ್ತದೆ, ಆದರೆ ಹಿಂದಿನ ಕತ್ತಲೆಯಲ್ಲಿ ರವೆಯಂತೆ ಕಾಳು ಕಾಣಿಸಿಕೊಳ್ಳುತ್ತದೆ, ಮುಖವರ್ಣಿಕೆಯ ನವಿರು ಗೆರೆಗಳು ಮಸುಕಾಗುತ್ತವೆ. ಅದೇ ಬೆಳಕಿನಲ್ಲಿ 1.8 ಅಪರ್ಚರಿನ ಲೆನ್ಸ್ ಇದ್ದಿದ್ದರೆ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕು ಒಳಬಂದು, ಐಎಸ್‌ಒ 650ರ ಆಸುಪಾಸಿಗೇ ಕೆಲಸ ಮುಗಿಯುತ್ತಿತ್ತು. ಆದರೆ ಝೂಮ್ ಇಲ್ಲದ ಅಂಥ ಲೆನ್ಸ್ ಹಿಡಿದವರು ರಂಗಸ್ಥಳದ ಬುಡಕ್ಕೇ ಹೋಗಿ ಕೂರಬೇಕು.

ಈ ಕ್ಯಾಮೆರಾದ ನಿಜವಾದ ಬಲ ಫೋಕಸ್. ಸೆನ್ಸರ್ ಮೇಲೆಯೇ 425 ಫೋಕಸ್ ಬಿಂದುಗಳು ಹರಡಿಕೊಂಡಿವೆ. ಓಡಿಬರುವ ಮಗುವಿನ ಕಣ್ಣನ್ನು ಗುರುತಿಸಿ, ಚೌಕಟ್ಟಿನೊಳಗೆ ಎತ್ತ ಹೋದರೂ ಬೆನ್ನು ಹತ್ತುತ್ತದೆ. ಬಂದ ವರ್ಷವೇ ಸಾಫ್ಟ್‌ವೇರ್ ಪರಿಷ್ಕರಣೆಯೊಂದಿಗೆ ಪ್ರಾಣಿಗಳ ಕಣ್ಣನ್ನು ಹಿಡಿಯುವ ಜಾಣತನವೂ ಸೇರಿತು. ಲೆನ್ಸಿನ ಮೋಟಾರು ಸದ್ದಿಲ್ಲದೆ ಓಡುವುದರಿಂದ ವಿಡಿಯೊದಲ್ಲಿ ಗುರುಗುಟ್ಟುವಿಕೆ ಕೇಳಿಸುವುದಿಲ್ಲ.

ಕಿರಿಕಿರಿಗಳೂ ಇವೆ. ಮೆನು ಒಂದು ಚಕ್ರವ್ಯೂಹ. ಪರದೆ ಮುಟ್ಟಿದರೆ ಫೋಕಸ್ ಬದಲಾಗುತ್ತದೆ, ಮೆನು ಮಾತ್ರ ಜಪ್ಪಯ್ಯ ಎಂದರೂ ಬೆರಳಿಗೆ ಓಗೊಡುವುದಿಲ್ಲ. ವಿಡಿಯೊ ಮಾಡುವವರು ತಮ್ಮ ಮುಖ ಕಾಣಲೆಂದು ಪರದೆಯನ್ನು ಮೇಲಕ್ಕೆ ಮಡಚಿದರೆ, ತಲೆಯ ಮೇಲೆ ಸಿಕ್ಕಿಸಿದ ಮೈಕ್ ಅಡ್ಡ ಬರುತ್ತದೆ. ಪೂರ್ತಿ ಚಾರ್ಜಿಗೆ 400ರ ಆಸುಪಾಸು ಫೋಟೊ, ಆದ್ದರಿಂದ ಎರಡನೆಯ ಬ್ಯಾಟರಿ ಬೇಕೇ ಬೇಕು. ಕ್ಯಾಮೆರಾಕ್ಕೆ ಧೂಳು, ತೇವದಿಂದ ತಕ್ಕಮಟ್ಟಿನ ರಕ್ಷಣೆ ಇದ್ದರೂ ಲೆನ್ಸಿಗೆ ಇಲ್ಲ. ಜೋಗದ ತುಂತುರಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಮರೆಯುವಂತಿಲ್ಲ.

ಪ್ರತಿಸ್ಪರ್ಧಿಗಳ ವಿಚಾರ ಚಿಕ್ಕದು. ಮಿರರ್‌ಲೆಸ್‌ಗೆಂದೇ ಇರುವ ನಿಕಾನಿನ 18–140, ಕ್ಯಾನನಿನ 18–150 ಎರಡೂ ಸೋನಿಯದಕ್ಕಿಂತ ತುಸು ದೂರ ಎಟುಕುತ್ತವೆ, ತುಸು ಹಗುರವೂ ಹೌದು. ಆದರೆ ಉದ್ದದ ತುದಿಯಲ್ಲಿ ಎರಡರ ಅಪರ್ಚರೂ 6.3ಕ್ಕೆ ಇಳಿಯುತ್ತದೆ. ಒಡಲಿನಲ್ಲೇ ಕಂಪನ ತಡೆ ಬೇಕೆನ್ನುವವರಿಗೆ ಸೋನಿಯೇ 2023ರಲ್ಲಿ ತಂದ ಎ6700 ಇದೆ, ಹೆಚ್ಚಿನ ಬೆಲೆಗೆ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳಿಗೆ ಖರ್ಚಿಲ್ಲ. ತಮ್ಮದೇ ಮೆಮೊರಿ ಕಾರ್ಡ್ ಒಯ್ದು, ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಹಾಳೆಯನ್ನು ನೇರ ಎದುರಿನಿಂದ ಒಮ್ಮೆ 18ರಲ್ಲಿ, ಒಮ್ಮೆ 135ರಲ್ಲಿ ತೆಗೆಯಬೇಕು. ನಾಲ್ಕೂ ಮೂಲೆಯ ಅಕ್ಷರಗಳು ಸರಿಸುಮಾರು ಒಂದೇ ಹದದಲ್ಲಿರಬೇಕು. ಒಂದು ಮೂಲೆ ಮಾತ್ರ ಮಂಜಾದರೆ ಒಳಗಿನ ಗಾಜು ವಾಲಿದೆ ಎಂದು ಅನುಮಾನಿಸಬೇಕು. ಸದ್ದಿಲ್ಲದ ಶಟರ್ ಹಾಕಿ ತಿರುಗುವ ಫ್ಯಾನಿನ ಫೋಟೊ ತೆಗೆದರೆ ರೆಕ್ಕೆಗಳು ಬಾಳೆಹಣ್ಣಿನಂತೆ ಬಾಗಿರುತ್ತವೆ. ಅದು ದೋಷವಲ್ಲ, ಸೆನ್ಸರ್ ಸಾಲು ಸಾಲಾಗಿ ಓದುವುದರ ಪರಿಣಾಮ. ಚಲಿಸುವ ವಸ್ತುಗಳಿಗೆ ಆ ಶಟರ್ ಬಳಸಬಾರದು ಎಂಬುದು ಅಲ್ಲೇ ಮನದಟ್ಟಾಗುತ್ತದೆ. ಸೆಕೆಂಡ್‌ಹ್ಯಾಂಡ್ ಆಗಿದ್ದರೆ ಅಪರ್ಚರನ್ನು 16ಕ್ಕೆ ಇಟ್ಟು ಬರಿಯ ಆಕಾಶವನ್ನು ತೆಗೆದು ನೋಡಬೇಕು. ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುತ್ತದೆ.

ಕೊಂಡು ಎರಡು ತಿಂಗಳಾದ ಮೇಲೆ ಇನ್ನೊಂದು ಪರೀಕ್ಷೆ ಬಾಕಿ ಇರುತ್ತದೆ. ಪ್ರತಿ ಫೋಟೊದ ಕಡತದಲ್ಲೂ ಅದನ್ನು ಎಷ್ಟು ಮಿ.ಮೀ.ನಲ್ಲಿ ತೆಗೆದದ್ದೆಂದು ದಾಖಲಾಗಿರುತ್ತದೆ. ಕಂಪ್ಯೂಟರಿನಲ್ಲಿ ಅವನ್ನೆಲ್ಲ ಆ ಅಂಕಿಯ ಪ್ರಕಾರ ಜೋಡಿಸಿದರೆ ಕೆಲವರದು 18ರ ಹತ್ತಿರ, ಕೆಲವರದು 135ರ ಹತ್ತಿರ ಗುಡ್ಡೆಯಾಗುತ್ತದೆ. 30, 35ರ ಆಸುಪಾಸಿನಲ್ಲಿ, ಅದೂ ಸಂಜೆಯ ಮೇಲೆ ತೆಗೆದವು ರಾಶಿ ಬಿದ್ದಿದ್ದರೆ, ಮುಂದಿನ ಉಳಿತಾಯ 1.8 ಅಪರ್ಚರಿನ 35 ಮಿ.ಮೀ. ಲೆನ್ಸಿಗೆ. ಅದರ ತೂಕ ಸುಮಾರು 150 ಗ್ರಾಂ, ಶರ್ಟಿನ ಜೇಬಿನಲ್ಲೂ ಹಿಡಿಸುತ್ತದೆ.