ಹತ್ತರ ಕೂಟದಲ್ಲಿ ಹದಿನೆಂಟು

ಅಮೆರಿಕದ ವಿಶ್ವವಿದ್ಯಾಲಯಗಳ ಒಂದು ಕ್ರೀಡಾಕೂಟಕ್ಕೆ ‘ಬಿಗ್ ಟೆನ್’ ಎಂದು ಹೆಸರು. ದೊಡ್ಡ ಹತ್ತು ಎಂದರ್ಥ. 2024ರಲ್ಲಿ ಅದರ ಸದಸ್ಯರ ಸಂಖ್ಯೆ ಹದಿನೆಂಟಕ್ಕೆ ಏರಿತು! ಹೆಸರು ಮಾತ್ರ ಹಾಗೆಯೇ ಉಳಿದಿದೆ. ಅಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ನಡೆದುಬಂದ ದಾರಿಯನ್ನು ತಿಳಿಯಲು ಈ ಲೆಕ್ಕವೊಂದೇ ಸಾಕು.

ನಮ್ಮಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ದೇಶವನ್ನು ವಲಯಗಳಾಗಿ ವಿಂಗಡಿಸಿ ಪಂದ್ಯಾವಳಿ ನಡೆಸುತ್ತದೆ. ಯಾರು ಯಾವ ವಲಯ ಎಂಬುದು ಮೇಲಿನಿಂದ ನಿರ್ಧಾರವಾಗುತ್ತದೆ. ಅಮೆರಿಕದಲ್ಲಿ ಹಾಗಲ್ಲ. ವಿಶ್ವವಿದ್ಯಾಲಯಗಳೇ ತಮಗೊಪ್ಪಿದವರನ್ನು ಕೂಡಿಕೊಂಡು ‘ಕಾನ್ಫರೆನ್ಸ್’ ಎಂಬ ಬಳಗ ಕಟ್ಟಿಕೊಳ್ಳುತ್ತವೆ. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು 1891ರಲ್ಲಿ ಪೀಚ್ ಹಣ್ಣಿನ ಬುಟ್ಟಿ ತೂಗುಹಾಕಿ ಬ್ಯಾಸ್ಕೆಟ್‌ಬಾಲ್ ಹುಟ್ಟಿಸಿದ ಐದನೇ ವರ್ಷಕ್ಕೆ, 1896ರಲ್ಲಿ, ಏಳು ವಿಶ್ವವಿದ್ಯಾಲಯಗಳು ಷಿಕಾಗೋದಲ್ಲಿ ಸೇರಿ ಬಿಗ್ ಟೆನ್‌ಗೆ ಬುನಾದಿ ಹಾಕಿದವು. ಅದು ರೈಲಿನ ಕಾಲ. ಬಳಗವೆಂದರೆ ಸಹಜವಾಗಿಯೇ ನೆರೆಹೊರೆ.

ಈ ಬಳಗಗಳ ಮೇಲೆ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯಿದೆ. ಫುಟ್‌ಬಾಲ್ ಮೈದಾನದ ಸಾವುನೋವುಗಳಿಂದ ಗಾಬರಿಗೊಂಡು 1906ರಲ್ಲಿ ಕಟ್ಟಿದ ಸಂಸ್ಥೆ ಅದು. 1973ರಿಂದ ಕಾಲೇಜುಗಳನ್ನು ಮೂರು ವಿಭಾಗಗಳಾಗಿ ಮಾಡಿದೆ. ಮೊದಲ ವಿಭಾಗದಲ್ಲೇ ಮುನ್ನೂರೈವತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು, ಮೂವತ್ತರ ಆಸುಪಾಸು ಬಳಗಗಳು. ಚಳಿಗಾಲವೆಲ್ಲ ಬಳಗದೊಳಗಿನ ಪಂದ್ಯಗಳು; ಮಾರ್ಚ್ ಮೊದಲಿಗೆ ಬಳಗದ್ದೇ ಒಂದು ಪಂದ್ಯಾವಳಿ. ಅದನ್ನು ಗೆದ್ದವರಿಗೆ, ಎಷ್ಟೇ ಸಣ್ಣ ಬಳಗವಾದರೂ, ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ. ಉಳಿದ ಸ್ಥಾನಗಳನ್ನು ಆಯ್ಕೆ ಸಮಿತಿ ತುಂಬುತ್ತದೆ. ವರ್ಷವರ್ಷವೂ ಬೈಗುಳ ತಿನ್ನುವುದು ಅದೇ. 1939ರಲ್ಲಿ ಎಂಟು ತಂಡಗಳಿಂದ ಆರಂಭವಾದ ಈ ನಾಕೌಟ್ ಪಂದ್ಯಾವಳಿ 2011ರಲ್ಲಿ 68 ತಂಡಗಳಿಗೆ ಬೆಳೆಯಿತು. ಮಹಿಳೆಯರಿಗೆ ಎನ್‌ಸಿಎಎ ಪಂದ್ಯಾವಳಿ ಒದಗಿದ್ದು 1982ರಲ್ಲಿ.

ನೆರೆಹೊರೆಯನ್ನು ಒಡೆದದ್ದು ಟೆಲಿವಿಷನ್ ಹಣ. 2024ರಲ್ಲಿ ಪಶ್ಚಿಮ ಕರಾವಳಿಯ ‘ಪ್ಯಾಕ್-12’ ಬಳಗದ ಹನ್ನೆರಡರಲ್ಲಿ ಹತ್ತು ಸದಸ್ಯರು ಹೊರನಡೆದರು. ಲಾಸ್ ಏಂಜಲೀಸಿನ ಯುಸಿಎಲ್‌ಎ ಸೇರಿ ನಾಲ್ವರು ಬಿಗ್ ಟೆನ್ ಸೇರಿದರು. ಅದೇ ಬಳಗದ ರಟ್ಗರ್ಸ್ ಇರುವುದು ಪೂರ್ವದ ನ್ಯೂಜೆರ್ಸಿಯಲ್ಲಿ, ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರ. ಗಡಿಯಾರದಲ್ಲೇ ಮೂರು ಗಂಟೆಗಳ ವ್ಯತ್ಯಾಸ. ಈ ವ್ಯವಹಾರ ಕುದುರಿದ್ದು ಮುಖ್ಯವಾಗಿ ಫುಟ್‌ಬಾಲಿಗಾಗಿ. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ, ಸಾಮಾನ್ಯವಾಗಿ ಶನಿವಾರ ಆಡುತ್ತದೆ. ಬ್ಯಾಸ್ಕೆಟ್‌ಬಾಲಿನವರಿಗೆ ವಾರದ ನಡುವೆಯೂ ಪಂದ್ಯವಿರುತ್ತದೆ. ಸಂಭಾವನೆ ಯಾರದೋ, ತಪ್ಪಿದ ತರಗತಿ ಇವರದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳು ಕ್ರೀಡಾಪಟುಗಳಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಪ್ರಯಾಣವೇನೂ ಅದರಿಂದ ಕಡಿಮೆಯಾಗಿಲ್ಲ.

ಎಲ್ಲರೂ ಊರು ಬಿಟ್ಟಿಲ್ಲ ಎನ್ನಿ. ಈಶಾನ್ಯ ರಾಜ್ಯಗಳ ಐವಿ ಲೀಗಿನಲ್ಲಿ 1954ರ ಒಪ್ಪಂದದಲ್ಲಿದ್ದ ಎಂಟೇ ವಿಶ್ವವಿದ್ಯಾಲಯಗಳು ಇವತ್ತಿಗೂ ಇವೆ. ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಆ ಬಳಗವನ್ನು ಗೆದ್ದು 2023ರಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ಬಂದ ಪ್ರಿನ್ಸ್‌ಟನ್‌ಗೆ ದೊರೆತದ್ದು 15ನೇ ಶ್ರೇಯಾಂಕ. ಮೊದಲ ಪಂದ್ಯದಲ್ಲೇ ಅದು 2ನೇ ಶ್ರೇಯಾಂಕದ ಆರಿಜೋನಾವನ್ನು 59-55ರಿಂದ ಸೋಲಿಸಿ ಮನೆಗೆ ಕಳಿಸಿತು.