ಹಡಗಿನಲ್ಲಿ ಹತ್ತಿದ ಸೋಂಕಿಗೆ ಹೊಣೆ ಯಾರು?

ಮದುವೆ ಊಟ ಮಾಡಿದ ನೂರು ಜನರಿಗೆ ವಾಂತಿಭೇದಿಯಾದರೆ, ಪಾತ್ರೆಯ ತಳದಲ್ಲಿ ಉಳಿದ ಪಾಯಸವನ್ನೋ ಬಾವಿಯ ನೀರನ್ನೋ ಪ್ರಯೋಗಾಲಯಕ್ಕೆ ಕಳಿಸಿ ಕಾರಣ ಪತ್ತೆಮಾಡಬಹುದು. ಉಸಿರಿನಲ್ಲಿ ಹರಡುವ ರೋಗ ಹಾಗೆ ಏನನ್ನೂ ಉಳಿಸಿಹೋಗುವುದಿಲ್ಲ. ವೈರಸ್ಸನ್ನು ಹೊತ್ತ ಗಾಳಿ ಅಂದೇ ಚದುರಿರುತ್ತದೆ. ಜ್ವರ ಕಾಣಿಸುವ ಹೊತ್ತಿಗೆ ರೋಗಿ ಅಂಗಡಿ, ಬಸ್ಸು, ಕಚೇರಿ ಎಂದು ಹತ್ತು ಕಡೆ ಓಡಾಡಿರುತ್ತಾನೆ. ಹೀಗಿರುವಾಗ ಸೋಂಕು ತಗುಲಿದ್ದು ಇಂಥದೇ ಸಂಸ್ಥೆಯ ನಿರ್ಲಕ್ಷ್ಯದಿಂದ ಎಂದು ನ್ಯಾಯಾಲಯದಲ್ಲಿ ಸಾಧಿಸಲು ಬರುತ್ತದೆಯೇ? ಬರುತ್ತದೆ ಎಂದು ತೋರಿಸಿದ್ದು ಆಸ್ಟ್ರೇಲಿಯಾದ ರೂಬಿ ಪ್ರಿನ್ಸೆಸ್ ಹಡಗಿನ ಮೊಕದ್ದಮೆ.

2020ರ ಮಾರ್ಚ್ 8ರಂದು ಈ ವಿಹಾರ ಹಡಗು 2,600ಕ್ಕೂ ಹೆಚ್ಚು ಪ್ರಯಾಣಿಕರೊಂದಿಗೆ ಸಿಡ್ನಿಯಿಂದ ನ್ಯೂಜಿಲೆಂಡಿನತ್ತ ಹೊರಟಿತು. ಅದರ ಹಿಂದಿನ ಯಾನ ಮುಗಿದದ್ದೂ ಅದೇ ದಿನ ಬೆಳಿಗ್ಗೆ. ಆ ಯಾನದಲ್ಲೂ ಜ್ವರ, ಕೆಮ್ಮಿನಿಂದ ಬಳಲಿದವರಿದ್ದರು. ಮಾರ್ಚ್ 19ರಂದು ಹಡಗು ಸಿಡ್ನಿಗೆ ಮರಳಿ, ಪ್ರಯಾಣಿಕರು ಇಳಿದು ಊರೂರಿಗೆ ಹೋದರು. ಕೊನೆಗೆ ಲೆಕ್ಕಕ್ಕೆ ಸಿಕ್ಕ ಕೋವಿಡ್ ಸೋಂಕಿತ ಪ್ರಯಾಣಿಕರು 663, ಸತ್ತವರು 28.

ಇಲ್ಲಿ ವಿಜ್ಞಾನದ ಸಾಕ್ಷ್ಯ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನೋಡಬೇಕು. ಆ ದಿನಗಳ ಕೊರೊನಾ ವೈರಸ್ ದೇಹ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದು ದಿನ, ಅಪರೂಪಕ್ಕೆ ಹದಿನಾಲ್ಕು ದಿನ ಬೇಕಾಗುತ್ತಿತ್ತು. ಹನ್ನೊಂದು ದಿನ ಹಡಗಿನಲ್ಲೇ ಊಟ, ನಿದ್ದೆ ಮಾಡಿದವರಿಗೆ ಕೊನೆಯ ದಿನಗಳಲ್ಲಿ ಜ್ವರ ಬಂದರೆ ಸಂಶಯದ ಬೆರಳು ಹಡಗಿನತ್ತಲೇ ತಿರುಗುತ್ತದೆ. ಇನ್ನೊಂದು ಸಾಕ್ಷಿ ವೈರಸ್ಸಿನ ಒಳಗೇ ಇದೆ. ಸುಮಾರು 30,000 ಅಕ್ಷರಗಳ ಅದರ ಆನುವಂಶಿಕ ಬರಹವನ್ನು ನಕಲು ಮಾಡುವಾಗ ತಿಂಗಳಿಗೆ ಸರಾಸರಿ ಎರಡು ತಪ್ಪುಗಳು ಉಳಿದುಬಿಡುತ್ತವೆ. 2020ರ ಫೆಬ್ರವರಿಯಲ್ಲಿ ಅಮೆರಿಕದ ಬಾಸ್ಟನ್ನಿನ ಹೋಟೆಲೊಂದರಲ್ಲಿ ನಡೆದ ಕಂಪನಿ ಸಮಾವೇಶದಿಂದ ಹೊರಟ ಸೋಂಕನ್ನು ಸಂಶೋಧಕರು ಬೇರೆ ರಾಜ್ಯಗಳಲ್ಲಿ ಗುರುತಿಸಿದ್ದು 2,416ನೆಯ ಸ್ಥಾನದಲ್ಲಿ ಬದಲಾಗಿದ್ದ ಒಂದೇ ಒಂದು ಅಕ್ಷರದಿಂದ. ಕಣ್ಣಿಗೆ ಕಾಣದ ವಸ್ತು ತನ್ನ ಪ್ರಯಾಣದ ದಿನಚರಿಯನ್ನು ತನ್ನೊಳಗೇ ಬರೆದುಕೊಳ್ಳುವುದು ವಿಸ್ಮಯವೇ ಸರಿ. ಆದರೆ ತಿಂಗಳಿಗೆ ಎರಡೇ ತಪ್ಪು ಎಂದರೆ, ಒಬ್ಬರಿಂದೊಬ್ಬರಿಗೆ ದಾಟಿದ ಮೂರು ನಾಲ್ಕು ಜನರಲ್ಲಿ ಬರಹ ಒಂದೇ ಆಗಿರಬಹುದು. ಯಾರಿಂದ ಬರಲಿಲ್ಲ ಎಂಬುದನ್ನು ಅದು ಗಟ್ಟಿಯಾಗಿ ಹೇಳುತ್ತದೆ. ಯಾರಿಂದ ಬಂತು ಎಂಬುದನ್ನು ಅಷ್ಟು ಗಟ್ಟಿಯಾಗಿ ಹೇಳಲಾರದು.

ಸಿವಿಲ್ ನ್ಯಾಯಾಲಯಕ್ಕೆ ಅಷ್ಟು ಖಚಿತತೆ ಬೇಕಿಲ್ಲ. ಸಂಭವದ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದಷ್ಟೇ ಅಲ್ಲಿನ ಅಳತೆ. 2023ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಆಂಗಸ್ ಸ್ಟುವರ್ಟ್, ರೂಬಿ ಪ್ರಿನ್ಸೆಸ್‌ನಲ್ಲಿ ಪ್ರಯಾಣಿಸಿದ್ದ ಅರ್ಜಿದಾರ ಮಹಿಳೆಗೆ ಸೋಂಕು ಹಡಗಿನಲ್ಲೇ ತಗುಲಿರುವ ಸಂಭವ ಹೆಚ್ಚೆಂದು ಒಪ್ಪಿ, ಮಾತೃಸಂಸ್ಥೆ ಕಾರ್ನಿವಲ್ ನಿರ್ಲಕ್ಷ್ಯ ತೋರಿತೆಂದು ತೀರ್ಪಿತ್ತರು. ನಿರ್ಣಾಯಕವಾದದ್ದು ಕಂಪನಿಗೆ ಮೊದಲೇ ಏನು ಗೊತ್ತಿತ್ತು ಎಂಬ ಅಂಶ. ಅದೇ ಸಂಸ್ಥೆಯ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿ ಹಿಂದಿನ ತಿಂಗಳಷ್ಟೇ, ಜಪಾನಿನ ಯೊಕೊಹಾಮಾದಲ್ಲಿ, ಸುಮಾರು 3,700 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಸೋಂಕು ಹರಡಿತ್ತು. ಅಪಾಯ ತಿಳಿದೂ ಯಾನ ಹೊರಟದ್ದು, ಸುರಕ್ಷಿತವೆಂಬ ಭರವಸೆ ಕೊಟ್ಟದ್ದು ಎರಡೂ ತಪ್ಪೆನಿಸಿದವು. ಈ ತರ್ಕ ನ್ಯಾಯವಾದದ್ದು: ಮುಚ್ಚಿದ ಕೋಣೆಯ ಗಾಳಿಯಲ್ಲಿ ಏನಿರಬಹುದೆಂದು ಅಳೆಯುವ ಸಾಧನ ಪ್ರಯಾಣಿಕನ ಬಳಿ ಇರಲಿಲ್ಲ, ಮಾಹಿತಿಯೆಲ್ಲ ಟಿಕೆಟ್ ಮಾರಿದವರ ಬಳಿ ಇತ್ತು.

ಅರ್ಜಿದಾರರು ಕೇಳಿದ್ದು 3,60,000 ಡಾಲರಿಗೂ ಹೆಚ್ಚು. ದೀರ್ಘಕಾಲದ ಬಳಲಿಕೆಗೆ ಕೋವಿಡ್ಡೇ ಕಾರಣವೆಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಲಿಲ್ಲ. ಸಿಕ್ಕಿದ್ದು ವೈದ್ಯಕೀಯ ವೆಚ್ಚದ 4,423 ಡಾಲರ್ 48 ಸೆಂಟ್ ಮತ್ತು ಅದರ ಬಡ್ಡಿ.

ಎಲ್ಲ ಕಡೆ ಹೊಣೆಯ ಗೆರೆ ಒಂದೇ ಜಾಗದಲ್ಲಿಲ್ಲ. ಕೆಲಸಗಾರ ಮನೆಗೆ ಒಯ್ದ ಸೋಂಕಿಗೆ, ಮನೆಯವರ ಮಟ್ಟಿಗೆ, ಮಾಲೀಕ ಹೊಣೆಯಲ್ಲವೆಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 2023ರ ಜುಲೈಯಲ್ಲಿ ಹೇಳಿತು. ಹಾಗೆ ಹೊರಿಸಿದರೆ ದಾವೆಗಳಿಗೆ ಕೊನೆಯಿರದು ಎಂಬುದು ಅದರ ಆತಂಕ. ಇನ್ನು ನಮ್ಮಲ್ಲಿ, ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರು ಮತ್ತು ಅವರ ಸಂಪರ್ಕದವರಲ್ಲಿ 2020ರಲ್ಲಿ 70ಕ್ಕೂ ಹೆಚ್ಚು ಮಂದಿಗೆ ಸೋಂಕು ಹಬ್ಬಿದಾಗ ಅದರ ಮೂಲ ಯಾವುದೆಂಬುದೇ ಬಗೆಹರಿಯಲಿಲ್ಲ. ಆಗ ಜಾರಿಯಲ್ಲಿದ್ದ ಸಾಂಕ್ರಾಮಿಕ ರೋಗಗಳ ಕಾಯಿದೆ ಮುಂಬಯಿಯ ಪ್ಲೇಗಿನ ಕಾಲದ್ದು, 1897ರದು. ಸರ್ಕಾರದ ಆದೇಶ ಮೀರಿದವರಿಗೆ ಅದರಲ್ಲಿ ಶಿಕ್ಷೆ ಇತ್ತು. ಸಂಸ್ಥೆಯೊಂದರ ಅಲಕ್ಷ್ಯದಿಂದ ಸೋಂಕು ತಗುಲಿಸಿಕೊಂಡವರಿಗೆ ಪರಿಹಾರದ ಮಾತು ಇರಲಿಲ್ಲ.